ನರಿಯಿಂದ ಕಾದದ್ದು ಯಾರಿಗಾಗಿ?

1911ರ ದೆಹಲಿ ದರ್ಬಾರಿಗೆ ಬಂದಿದ್ದ ದೊರೆ ಐದನೇ ಜಾರ್ಜ್ ನಿಮಗೆ ನೆನಪಿರಬೇಕು. 1913ರ ಡಿಸೆಂಬರ್ 18ರಂದು ಇಂಗ್ಲೆಂಡಿನ ಹಾಲ್ ಬಾರ್ನ್ ಎಸ್ಟೇಟಿನಲ್ಲಿ ಆತ ಮತ್ತು ಜೊತೆಗಾರರು ಒಂದೇ ದಿನ ಉರುಳಿಸಿದ ಫೆಸೆಂಟ್ ಹಕ್ಕಿಗಳು 3,937! ನಮ್ಮ ಕಾಡುಕೋಳಿಯ ನೆಂಟ ಈ ಹಕ್ಕಿ. ಅಷ್ಟೊಂದು ಎಲ್ಲಿಂದ ಬಂದವು ಅಂತೀರಾ? ಆ ಕಾಲದಲ್ಲಿ ಕಾವಿಗೆ ಕೂತ ಮನೆಕೋಳಿಯ ಕೆಳಗೆ ಮೊಟ್ಟೆಯಿಟ್ಟು ಮರಿ ಮಾಡಿಸಿ, ಬೇಟೆಗೆಂದೇ ಬೆಳೆಸುತ್ತಿದ್ದರು.

ಇಂದಿಗೂ ಅಲ್ಲಿನ ಸಣ್ಣ ಬೇಟೆ ಕೂಟಗಳು ಆರೆಂಟು ವಾರದ ಮರಿಗಳನ್ನು ಬೇಸಿಗೆಯಲ್ಲಿ ಕಾಡಿನ ಬೇಲಿಯೊಳಗೆ ಬಿಡುತ್ತವೆ. ಜಾಗ ಆರಿಸುವುದರಲ್ಲೇ ಜಾಣ್ಮೆ. ಮೈ ಒಣಗಿಸಲು ಬಿಸಿಲು ಬೇಕು, ಅಡಗಲು ಪೊದೆ ಬೇಕು, ರಾತ್ರಿ ಕೂರಲು ಕೊಂಬೆ ಬೇಕು. ಬೇಲಿ ಆಳೆತ್ತರ. ನರಿ ತೋಡದಂತೆ ಬಲೆಯ ಬುಡವನ್ನು ಹೊರಕ್ಕೆ ಮಡಚಿರುತ್ತಾರೆ. ಮೇಲೆ ಚಾವಣಿ ಇಲ್ಲ. ಹಾರಿ ಹೊರಬಿದ್ದ ಮರಿ ನಡೆದು ಒಳಬರಲು ಸಣ್ಣ ಕಿಂಡಿ ಉಂಟು. ಒತ್ತೊತ್ತಾಗಿ ತುಂಬಿದರೆ ಕಾಡಿನ ನೆಲದ ಗಿಡಗಳೇ ಹಾಳು. ಹಾಗಾಗಿ ಹೆಕ್ಟೇರಿಗೆ 1,000 ಮೀರಬೇಡಿ ಎನ್ನುತ್ತಾರೆ ತಜ್ಞರು. 2021ರಿಂದ ಇಂಗ್ಲೆಂಡಿನ ಕೆಲವು ಸಂರಕ್ಷಿತ ತಾಣಗಳ 500 ಮೀಟರ್ ಒಳಗೆ ಬಿಡಲು ಪರವಾನಗಿ ನಿಯಮವೂ ಬಂದಿದೆ.

ಇಷ್ಟೆಲ್ಲ ಜೋಪಾನ ಮಾಡಿದ ಮೇಲೆ ಅಕ್ಟೋಬರ್ 1ಕ್ಕೆ ಬೇಟೆ ಶುರು. ನರಿಯಿಂದ ಕಾದದ್ದು ಕೋವಿಗಾಗಿಯೇ? ನೀವೇ ಹೇಳಿ.