ಮಡಿಲ ಪರದೆಯಲ್ಲಿ ಎಷ್ಟು ಚುಕ್ಕಿ?

ಚುಕ್ಕಿ ರಂಗೋಲಿ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಒಂದು ಮೊಳದ ಜಾಗದಲ್ಲಿ ಐದು ಸಾಲು ಚುಕ್ಕಿ ಇಟ್ಟರೆ ಒಂದು ಪುಟ್ಟ ಹೂವು ಮೂಡುತ್ತದೆ. ಅದೇ ಜಾಗದಲ್ಲಿ ಇಪ್ಪತ್ತೊಂದು ಸಾಲು ಇಟ್ಟರೆ ತೇರು, ಬಳ್ಳಿ, ನವಿಲು ಎಲ್ಲವನ್ನೂ ಬಿಡಿಸಬಹುದು. ಆದರೆ ಹಿಟ್ಟೂ ಹೆಚ್ಚು ಬೇಕು, ಹೊತ್ತೂ ಹೆಚ್ಚು ಬೇಕು. ಕಂಪ್ಯೂಟರಿನ ಪರದೆಯೂ ಇಂಥ ಚುಕ್ಕಿಗಳಿಂದಲೇ ಆದದ್ದು. ಆ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಅಡ್ಡಸಾಲಿನಲ್ಲಿ ಎಷ್ಟು, ಉದ್ದಸಾಲಿನಲ್ಲಿ ಎಷ್ಟು ಎಂಬ ಲೆಕ್ಕವೇ ಅಂಗಡಿಯವರು ಹೇಳುವ ರೆಸಲ್ಯೂಷನ್. ಲ್ಯಾಪ್‌ಟಾಪ್ ಕೊಳ್ಳಲು ಹೋದವರಿಗೆ ಅಲ್ಲಿ ಎದುರಾಗುವ ಪ್ರಶ್ನೆ ಇದು: ಚುಕ್ಕಿ ಹೆಚ್ಚಿರುವ ಪರದೆಗೆ ಹೆಚ್ಚು ಹಣ ತೆರಬೇಕೆ? ಉತ್ತರ ಹುಡುಕಲು ಸುಮಾರು ನಲವತ್ತು ವರ್ಷ ಹಿಂದಕ್ಕೆ ಹೋಗುವುದು ಒಳ್ಳೆಯದು. ಏಕೆಂದರೆ ಈ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಸರಿಯಾಗಿತ್ತು.

1981ರಲ್ಲಿ ಅಮೆರಿಕದಲ್ಲಿ ಆಸ್‌ಬಾರ್ನ್-1 ಎಂಬ ಕಂಪ್ಯೂಟರ್ ಬಂತು. ಕೈಯಲ್ಲಿ ಹಿಡಿದು ಒಯ್ಯಬಹುದು ಎಂಬುದು ಅದರ ಹೆಗ್ಗಳಿಕೆ. ತೂಕ ಸುಮಾರು 11 ಕಿಲೋ! ಅದರ ಗಾಜಿನ ಪರದೆ ಕೇವಲ 5 ಅಂಗುಲದ್ದು. ಒಂದು ಸಾಲಿಗೆ 52 ಅಕ್ಷರ ಮಾತ್ರ ಹಿಡಿಸುತ್ತಿತ್ತು. ಉಳಿದದ್ದನ್ನು ಓದಲು ಸಾಲನ್ನು ಪಕ್ಕಕ್ಕೆ ಸರಿಸಬೇಕಾಗಿತ್ತು. ಮರುವರ್ಷ, 1982ರಲ್ಲಿ ಗ್ರಿಡ್ ಕಂಪಾಸ್ ಬಂತು. ಈಗಿನ ಲ್ಯಾಪ್‌ಟಾಪ್‌ನಂತೆ ಪರದೆಯನ್ನು ಕೀಲಿಮಣೆಯ ಮೇಲೆ ಮಡಚುವ ರೂಪವನ್ನು ತಂದುಕೊಟ್ಟ ಯಂತ್ರವದು. ಅದರ 6 ಅಂಗುಲದ ಪರದೆಯಲ್ಲಿ 320 ಅಡ್ಡ, 240 ಉದ್ದ ಚುಕ್ಕಿಗಳಿದ್ದವು. ಬೆಲೆ 8000 ಡಾಲರಿಗೂ ಹೆಚ್ಚು. ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲೂ ಅದು ಪಯಣಿಸಿತು. ಆ ದಿನಗಳಲ್ಲಿ ಚುಕ್ಕಿ ಹೆಚ್ಚಬೇಕೆ ಎಂದು ಯಾರೂ ಕೇಳುವಂತಿರಲಿಲ್ಲ. ಅಕ್ಷರ ಓದಲು ಬಂದರೆ ಸಾಕಾಗಿತ್ತು.

ಯಾರ ಅಕ್ಷರ ಎಂಬುದು ಇಲ್ಲಿ ಮುಖ್ಯ. ಇಂಗ್ಲಿಷಿನ ಒಂದು ಅಕ್ಷರವನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕದಲ್ಲಿ ಹೇಗೋ ಬರೆಯಬಹುದು. ಐಬಿಎಂ ಕಂಪನಿ 1981ರಲ್ಲಿ ತನ್ನ ಪಿಸಿಯ ವರ್ಣಚಿತ್ರಗಳಿಗೆ ಕೊಟ್ಟ ವ್ಯವಸ್ಥೆಯಲ್ಲಿ ಎತ್ತರಕ್ಕೆ 200 ಚುಕ್ಕಿಗಳಷ್ಟೇ ಇದ್ದವು. ಅದನ್ನು 25 ಸಾಲುಗಳಿಗೆ ಹಂಚಿದರೆ ಸಾಲಿಗೆ ಎಂಟೇ ಚುಕ್ಕಿ. ಜಪಾನಿನವರಿಗೆ ಇದು ಸಾಲಲಿಲ್ಲ. ಹತ್ತಾರು ಗೆರೆಗಳಿರುವ ಅವರ ಕಾಂಜಿ ಅಕ್ಷರಕ್ಕೆ ಕನಿಷ್ಠ 16 ಅಡ್ಡ, 16 ಉದ್ದದ ಚೌಕ ಬೇಕಿತ್ತು. ಆದ್ದರಿಂದ ಎನ್‌ಇಸಿ ಕಂಪನಿ 1982ರಲ್ಲಿ ತಂದ ಪಿಸಿ-9801ರಲ್ಲಿ ಎತ್ತರಕ್ಕೆ 400 ಚುಕ್ಕಿಗಳನ್ನು ಕೊಟ್ಟಿತು. ತೋಷಿಬಾ 1989ರಲ್ಲಿ ತಂದ ಡೈನಾಬುಕ್ ಎಂಬ ಪುಟ್ಟ ಲ್ಯಾಪ್‌ಟಾಪ್‌ನಲ್ಲೂ 640 ಅಡ್ಡ, 400 ಉದ್ದ. 640 ಅಡ್ಡ, 480 ಉದ್ದದ ವಿಜಿಎ ಪದ್ಧತಿಯನ್ನು ಐಬಿಎಂ 1987ರಲ್ಲಿ ತಂದ ಮೇಲೆಯೇ ಯಾವ ವಿಶೇಷ ಯಂತ್ರಾಂಶವೂ ಇಲ್ಲದೆ, ಬರಿಯ ತಂತ್ರಾಂಶದಿಂದ ಜಪಾನಿ ಅಕ್ಷರ ಮೂಡಿಸುವುದು ಸಾಧ್ಯವಾಯಿತು. 1990ರಲ್ಲಿ ಬಂದ ಡಾಸ್/ವಿ ಈ ಕೆಲಸ ಮಾಡಿತು. ಇಂಗ್ಲಿಷ್ ಓದುವವನಿಗೆ ಸೊಗಸು ಎನ್ನಿಸಿದ ಚುಕ್ಕಿಗಳು ಕಾಂಜಿ ಓದುವವನಿಗೆ ಅನಿವಾರ್ಯವಾಗಿದ್ದವು. ಲಿಪಿಗೆ ತಕ್ಕಂತೆ ಪರದೆ ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಿ, ಕನ್ನಡದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಲ್ಯಾಪ್‌ಟಾಪ್‌ನ ಪರದೆ ಹಗುರವಾದದ್ದು ದ್ರವ ಸ್ಫಟಿಕದಿಂದ. 1888ರಲ್ಲಿ ಫ್ರೀಡ್ರಿಶ್ ರೈನಿಟ್ಜರ್ ಎಂಬ ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಜ್ಜರಿಗೆ ಸಂಬಂಧಿಸಿದ ವಸ್ತುಗಳನ್ನು ಪರೀಕ್ಷಿಸುತ್ತಿದ್ದಾಗ ಎರಡು ಬಾರಿ ಕರಗುವಂತೆ ತೋರುವ ಒಂದು ವಿಚಿತ್ರ ಪದಾರ್ಥವನ್ನು ಕಂಡ. ಹರಿಯುವುದರಲ್ಲಿ ದ್ರವ, ಬೆಳಕನ್ನು ನಡೆಸಿಕೊಳ್ಳುವುದರಲ್ಲಿ ಸ್ಫಟಿಕ. 1968ರಲ್ಲಿ ಅಮೆರಿಕದ ಆರ್‌ಸಿಎ ಪ್ರಯೋಗಾಲಯದ ಜಾರ್ಜ್ ಹೈಲ್ಮೈಯರ್ ಮತ್ತು ಸಂಗಡಿಗರು ಅದರಿಂದ ಪ್ರದರ್ಶಕ ಫಲಕ ಮಾಡಬಹುದೆಂದು ತೋರಿಸಿದರು. ಮೊದಲಿಗೆ ಕೈಗಡಿಯಾರ, ಕ್ಯಾಲ್ಕುಲೇಟರ್, ಆಮೇಲೆ ಕಂಪ್ಯೂಟರ್.

ಚುಕ್ಕಿ ಹೆಚ್ಚಿಸುವ ಕಷ್ಟ ಇಲ್ಲಿಂದ ಶುರು. ಹಳೆಯ ಫಲಕಗಳಲ್ಲಿ ಅಡ್ಡ ತಂತಿ, ಉದ್ದ ತಂತಿಗಳು ಸೇರುವಲ್ಲಿ ಚುಕ್ಕಿ ಮೂಡುತ್ತಿತ್ತು. ಸಾಲುಗಳು ಹೆಚ್ಚಿದಷ್ಟೂ ಒಂದೊಂದು ಚುಕ್ಕಿಗೆ ಸಿಗುವ ವಿದ್ಯುತ್ತಿನ ಪಾಲು ಕಡಿಮೆಯಾಗಿ ಚಿತ್ರ ಮಂಕಾಗುತ್ತಿತ್ತು. ಮೌಸಿನ ಬಾಣವನ್ನು ಬೇಗ ಸರಿಸಿದರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಪರಿಹಾರವೆಂದರೆ ಪ್ರತಿ ಚುಕ್ಕಿಯ ಹಿಂದೆ ಅದರದೇ ಒಂದು ಟ್ರಾನ್ಸಿಸ್ಟರ್ ಕೂರಿಸುವುದು. 1970ರ ದಶಕದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಪೀಟರ್ ಬ್ರೋಡಿ ಇದನ್ನು ಮಾಡಿ ತೋರಿಸಿದರು. ಆದರೆ ಲೆಕ್ಕ ನೋಡಿ: ಬಣ್ಣದ ಪರದೆಯಲ್ಲಿ ಒಂದು ಚುಕ್ಕಿಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಚುಕ್ಕಿ. 640ನ್ನು 480ರಿಂದ ಗುಣಿಸಿ, ಮತ್ತೆ ಮೂರರಿಂದ ಗುಣಿಸಿದರೆ ಒಂಬತ್ತು ಲಕ್ಷಕ್ಕೂ ಹೆಚ್ಚು ಟ್ರಾನ್ಸಿಸ್ಟರ್. ಒಂದು ಕೆಟ್ಟರೂ ಪರದೆಯ ಮೇಲೆ ಕಲೆ. 1992ರಲ್ಲಿ ಐಬಿಎಂ ತಂದ ಥಿಂಕ್‌ಪ್ಯಾಡ್ 700ಸಿ ಎಂಬ ಯಂತ್ರದಲ್ಲಿ 10.4 ಅಂಗುಲದ ಇಂಥ ಬಣ್ಣದ ಪರದೆಯಿತ್ತು. ಅದರ ಬೆಲೆ 4000 ಡಾಲರನ್ನು ದಾಟಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ. ದ್ರವ ಸ್ಫಟಿಕದ ಅಣುಗಳೆಲ್ಲ ಕಡ್ಡಿಯಂತೆ ಉದ್ದನೆಯವು ಎಂದು ವಿಜ್ಞಾನಿಗಳು ಬಹುಕಾಲ ತಿಳಿದಿದ್ದರು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು ತೋರಿಸಿದರು. ಈ ಚಂದ್ರಶೇಖರ್ ಸರ್ ಸಿ. ವಿ. ರಾಮನ್ನರ ಸೋದರಳಿಯ, ಬೆಂಗಳೂರಿಗೆ ಬರುವ ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. (ನೊಬೆಲ್ ಪ್ರಶಸ್ತಿ ಪಡೆದ ಖಗೋಳ ವಿಜ್ಞಾನಿ ಚಂದ್ರಶೇಖರ್ ಬೇರೆಯವರು. ಪರೀಕ್ಷೆಯಲ್ಲಿ ಗೊಂದಲ ಬೇಡ.) ಆ ದಿನಗಳ ಪರದೆಯನ್ನು ಸ್ವಲ್ಪ ಪಕ್ಕಕ್ಕೆ ನಿಂತು ನೋಡಿದರೆ ಬಣ್ಣಗಳು ತಿರುಗುಮುರುಗಾಗುತ್ತಿದ್ದವು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಬಿಲ್ಲೆ ಅಣುಗಳ ತೆಳುವಾದ ಹಾಳೆಯೊಂದನ್ನು ತಯಾರಿಸಿ ಪರದೆಗೆ ಅಂಟಿಸುವಂತೆ ಮಾಡಿದಾಗ ಈ ದೋಷ ಬಹುಮಟ್ಟಿಗೆ ಹೋಯಿತು. ಉಪಯೋಗದ ಯೋಚನೆಯೇ ಇಲ್ಲದೆ ಆದ ಸಂಶೋಧನೆಯೊಂದು ಜಗತ್ತಿನ ಅಸಂಖ್ಯ ಮೇಜುಗಳ ಮೇಲೆ ಹೀಗೆ ಕುಳಿತುಕೊಂಡಿತು.

ಚುಕ್ಕಿಗಳ ಒಟ್ಟು ಸಂಖ್ಯೆಗಿಂತ ಒಂದು ಅಂಗುಲಕ್ಕೆ ಎಷ್ಟು ಎಂಬುದೇ ಕಣ್ಣಿಗೆ ಮುಖ್ಯ. 1984ರ ಮ್ಯಾಕಿಂಟಾಷ್ ಮೇಜುಗಣಕದಲ್ಲಿ ಅಂಗುಲಕ್ಕೆ 72 ಚುಕ್ಕಿ. ಅದೇ ವರ್ಷ ಬಂದ ಲೇಸರ್ ಮುದ್ರಕ ಕಾಗದದ ಮೇಲೆ ಅಂಗುಲಕ್ಕೆ 300 ಚುಕ್ಕಿ ಒತ್ತುತ್ತಿತ್ತು. ಪರದೆಯ ಮೇಲೆ ಓದುವುದಕ್ಕಿಂತ ಮುದ್ರಿಸಿಕೊಂಡು ಓದುವುದೇ ವಾಸಿ ಎಂದು ಹಿರಿಯರು ಹೇಳುತ್ತಿದ್ದುದು ಬರಿಯ ಹಟದಿಂದಲ್ಲ. ವಿಂಡೋಸ್ ತಂತ್ರಾಂಶ ಅಂಗುಲಕ್ಕೆ 96 ಚುಕ್ಕಿ ಎಂದು ಲೆಕ್ಕ ಹಿಡಿಯಿತು. ಈ 96 ಎಂಬ ಅಂಕಿ ಮುಂದೆ ದೊಡ್ಡ ತೊಡಕಾಯಿತು.

2000ದ ನಂತರದ ವರ್ಷಗಳಲ್ಲಿ 15 ಅಂಗುಲದ ಲ್ಯಾಪ್‌ಟಾಪ್‌ಗಳಲ್ಲಿ 1600 ಅಡ್ಡ, 1200 ಉದ್ದದ ಪರದೆಗಳು ಬಂದವು. ಅಂಗುಲಕ್ಕೆ 133 ಚುಕ್ಕಿ. ಕೊಂಡವರಿಗೆ ಸಂತೋಷವಾಗಬೇಕಿತ್ತು, ಎಷ್ಟೋ ಮಂದಿ ಕಣ್ಣು ಕಿರಿದು ಮಾಡಿಕೊಂಡು ಗೊಣಗಿದರು. ಕಾರಣ ಸರಳ. ತಂತ್ರಾಂಶಗಳು ತಮ್ಮ ಗುಂಡಿಗಳನ್ನೂ ಅಕ್ಷರಗಳನ್ನೂ ಅಂಗುಲದಲ್ಲಿ ಅಳೆಯದೆ ಚುಕ್ಕಿಗಳಲ್ಲಿ ಎಣಿಸುತ್ತಿದ್ದವು. ಚುಕ್ಕಿ ಚಿಕ್ಕದಾದಾಗ ಅಕ್ಷರವೂ ಚಿಕ್ಕದಾಯಿತು. ರಂಗೋಲಿಯ ಚುಕ್ಕಿಗಳನ್ನು ಹತ್ತಿರ ಹತ್ತಿರ ಇಟ್ಟು, ಮೊದಲಿನಷ್ಟೇ ಚುಕ್ಕಿಯ ಹೂವು ಬಿಡಿಸಿದರೆ ಹೂವು ಕುಗ್ಗುತ್ತದೆ, ಅಷ್ಟೆ. 2007ರ ವಿಂಡೋಸ್ ವಿಸ್ತಾ ಹಳೆಯ ತಂತ್ರಾಂಶಗಳ ಚಿತ್ರವನ್ನು ಒಟ್ಟಾರೆ ಹಿಗ್ಗಿಸುವ ಉಪಾಯ ತಂದಿತು. ಗಾತ್ರ ಸರಿಹೋಯಿತು, ಆದರೆ ಅಂಚುಗಳು ಮಸುಕಾದವು. ಆ ಕಾಲದಲ್ಲಿ ಹೆಚ್ಚಿನ ಚುಕ್ಕಿಗೆ ಹಣ ಕೊಟ್ಟವರು ನಷ್ಟಪಟ್ಟರು ಎಂದೇ ನನ್ನ ಅಭಿಪ್ರಾಯ. ದೋಷ ಗಾಜಿನದಲ್ಲ, ತಂತ್ರಾಂಶದ್ದು.

ಆಮೇಲೆ ಕೆಲವು ವರ್ಷ ಪರದೆ ಹಿಂದಕ್ಕೇ ನಡೆಯಿತು. ಅಗಲವಾದ ದೂರದರ್ಶನ ಪರದೆಗಳ ಮಾದರಿಯಲ್ಲಿ 1366 ಅಡ್ಡ, 768 ಉದ್ದದ ಅಗ್ಗದ ಫಲಕಗಳು ಎಲ್ಲೆಡೆ ಹರಡಿದವು. 15.6 ಅಂಗುಲದಲ್ಲಿ ಅದು ಅಂಗುಲಕ್ಕೆ 100 ಚುಕ್ಕಿ. 2012ರ ಏಪ್ರಿಲ್‌ನಲ್ಲಿ ಸ್ಟ್ಯಾಟ್‌ಕೌಂಟರ್ ಎಂಬ ಸಂಸ್ಥೆಯ ಎಣಿಕೆಯಲ್ಲಿ ಅಂತರಜಾಲ ಬಳಸುವವರ ಕಂಪ್ಯೂಟರ್‌ಗಳಲ್ಲಿ ಅತಿ ಹೆಚ್ಚು ಕಂಡುಬಂದ ಪರದೆ ಇದೇ. ಚಲನಚಿತ್ರ ನೋಡಲು ಅಡ್ಡಿಯಿಲ್ಲ. ಓದುವವರಿಗೆ ಮಾತ್ರ ಉದ್ದದಲ್ಲಿ ಸಾಲುಗಳೇ ಕಡಿಮೆ.

ಇದಕ್ಕೆ ತದ್ವಿರುದ್ಧವಾದ ಒಂದು ಪ್ರಯೋಗ 2007ರಲ್ಲಿಯೇ ನಡೆದಿತ್ತು. ಬಡ ದೇಶಗಳ ಮಕ್ಕಳಿಗಾಗಿ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯವರು ತಯಾರಿಸಿದ ಎಕ್ಸ್‌ಓ-1 ಎಂಬ ಅಗ್ಗದ ಯಂತ್ರ ಅದು. ಮೇರಿ ಲೂ ಜೆಪ್ಸನ್ ರೂಪಿಸಿದ ಅದರ 7.5 ಅಂಗುಲದ ಪರದೆಗೆ ಕಪ್ಪು-ಬಿಳುಪಿನಲ್ಲಿ 1200 ಅಡ್ಡ, 900 ಉದ್ದ ಚುಕ್ಕಿ. ಎಂದರೆ ಅಂಗುಲಕ್ಕೆ 200. ಬಣ್ಣದಲ್ಲಿ ಸ್ಪಷ್ಟತೆ ಕಡಿಮೆ, ನಿಜ. ಆದರೆ ಹಿಂಬದಿಯ ದೀಪ ಆರಿಸಿ ಬಿಸಿಲಿನಲ್ಲೇ ಕುಳಿತು ಪಾಠ ಓದಬಹುದಿತ್ತು, ವಿದ್ಯುತ್ತೂ ಅತಿ ಕಡಿಮೆ ಸಾಕಾಗುತ್ತಿತ್ತು. ಸಾವಿರಾರು ಡಾಲರಿನ ಯಂತ್ರಗಳಿಗಿಂತ ನುಣುಪಾದ ಅಕ್ಷರ ಆ ಇನ್ನೂರು ಡಾಲರಿನ ಆಸುಪಾಸಿನ ಯಂತ್ರದಲ್ಲಿ ಮೂಡಿತು. ಆ ಯೋಜನೆ ಅಂದುಕೊಂಡಷ್ಟು ದೂರ ಹೋಗಲಿಲ್ಲ. ಆದರೂ ಹೆಚ್ಚಿನ ಚುಕ್ಕಿ ಸಿರಿವಂತರ ಶೋಕಿ ಎನ್ನುವವರು ಇದನ್ನೊಮ್ಮೆ ನೆನೆಯಬೇಕು.

ತಂತ್ರಾಂಶದ ತೊಡಕು ಬಿಡಿಸಿದ್ದು ಆಪಲ್ ಕಂಪನಿ. 2012ರ ಜೂನ್‌ನಲ್ಲಿ ಅದು ತಂದ 15.4 ಅಂಗುಲದ ಲ್ಯಾಪ್‌ಟಾಪ್‌ನಲ್ಲಿ 2880 ಅಡ್ಡ, 1800 ಉದ್ದ, ಅಂಗುಲಕ್ಕೆ 220 ಚುಕ್ಕಿ. ಹಳೆಯ ಒಂದು ಚುಕ್ಕಿಯ ಜಾಗದಲ್ಲಿ ಸರಿಯಾಗಿ ನಾಲ್ಕು ಚುಕ್ಕಿ ಇಟ್ಟರು. ಅಕ್ಷರದ ಗಾತ್ರ ಬದಲಾಗಲಿಲ್ಲ, ಅಂಚು ಮಾತ್ರ ನುಣುಪಾಯಿತು. ಇದಾದ ಮೇಲೆ ವಿಂಡೋಸ್ ಕೂಡ ನಿಧಾನವಾಗಿ ದಾರಿಗೆ ಬಂತು.

ಈಗ ಕಣ್ಣಿನ ವಿಚಾರ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರವಿರುವ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಲ್ಯಾಪ್‌ಟಾಪನ್ನು ನಾವು ಸುಮಾರು 50 ಸೆಂಟಿಮೀಟರ್ ದೂರದಿಂದ ನೋಡುತ್ತೇವೆಂದು ಹಿಡಿಯಿರಿ. ತ್ರಿಕೋನಮಿತಿ ಕಲಿತವರು ನೀವೇ ಲೆಕ್ಕ ಮಾಡಬಹುದು: ಉತ್ತರ 0.145 ಮಿಲಿಮೀಟರ್, ಎಂದರೆ ಅಂಗುಲಕ್ಕೆ ಸುಮಾರು 175 ಚುಕ್ಕಿ. 1920 ಅಡ್ಡ, 1080 ಉದ್ದದ ಪರದೆ 14 ಅಂಗುಲದ್ದಾದರೆ 157 ಬರುತ್ತದೆ, 15.6 ಅಂಗುಲದ್ದಾದರೆ 141. ಗಡಿಯ ಹತ್ತಿರ ಬಂದಿದ್ದೇವೆ, ಮುಟ್ಟಿಲ್ಲ. 3840 ಅಡ್ಡ, 2160 ಉದ್ದದ 4ಕೆ ಪರದೆ 15.6 ಅಂಗುಲದಲ್ಲಿ 282 ಕೊಡುತ್ತದೆ. ಅದು ಗಡಿಯಿಂದ ಬಹಳ ಆಚೆ. ಅಂಚಿನ ಏರುಪೇರನ್ನು ಗುರುತಿಸುವುದರಲ್ಲಿ ಕಣ್ಣು ಈ ಲೆಕ್ಕಕ್ಕಿಂತ ಚುರುಕು ಎಂಬುದೂ ನಿಜ. ಆದ್ದರಿಂದ 175 ದಾಟಿದೊಡನೆ ಎಲ್ಲವೂ ವ್ಯರ್ಥ ಎನ್ನುವಂತಿಲ್ಲ.

ಹೆಚ್ಚಿನ ಚುಕ್ಕಿಗೆ ತೆರುವ ಬೆಲೆ ಹಣವೊಂದೇ ಅಲ್ಲ. ಚುಕ್ಕಿ ಚಿಕ್ಕದಾದಷ್ಟೂ ಟ್ರಾನ್ಸಿಸ್ಟರ್ ಮತ್ತು ತಂತಿಗಳು ಬೆಳಕಿನ ದಾರಿಯನ್ನು ಹೆಚ್ಚು ಮುಚ್ಚುತ್ತವೆ. ಹಿಂದಿನ ದೀಪ ಹೆಚ್ಚು ಉರಿಯಬೇಕು. 2012ರ ಐಪ್ಯಾಡ್ ಫಲಕ ಇದಕ್ಕೆ ಒಳ್ಳೆಯ ನಿದರ್ಶನ. ಪರದೆಯ ಚುಕ್ಕಿಗಳನ್ನು ನಾಲ್ಕು ಪಟ್ಟು ಮಾಡಿದಾಗ ಮೊದಲಿನಂತೆಯೇ 10 ಗಂಟೆ ನಡೆಯಲು ಅದರ ಬ್ಯಾಟರಿಯನ್ನು 25 ವಾಟ್-ಗಂಟೆಯಿಂದ 42.5ಕ್ಕೆ ಹೆಚ್ಚಿಸಬೇಕಾಯಿತು. ಚಿತ್ರ ರಚಿಸುವ ಸಂಸ್ಕಾರಕಕ್ಕೂ ದುಡಿಮೆ ಜಾಸ್ತಿ: 1080ರ ಪರದೆಯಲ್ಲಿ ಸುಮಾರು 21 ಲಕ್ಷ ಚುಕ್ಕಿ, 4ಕೆ ಪರದೆಯಲ್ಲಿ 83 ಲಕ್ಷ. ಕರೆಂಟ್ ಹೋಗುವ ಊರಿನಲ್ಲಿ ಓದುವ ವಿದ್ಯಾರ್ಥಿಗೆ ಬ್ಯಾಟರಿಯ ಒಂದು ಗಂಟೆ ಸಣ್ಣ ಮಾತಲ್ಲ.

ಹಾಗಾದರೆ ಕನ್ನಡ ಓದುವ ನಮಗೆ ಎಷ್ಟು ಬೇಕು? ‘ರ’ ಮತ್ತು ‘ಠ’ ನಡುವಿನ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕಿ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ ನಡುವೆ ಕೆಳಗಿನ ಒಂದು ಸೀಳು. ಮೇಲೆ ಗುಡಿಸು, ಕೆಳಗೆ ಒತ್ತು. ‘ಸ್ತ್ರೀ’ ಎಂದು ಬರೆದರೆ ಒಂದರ ಕೆಳಗೊಂದು ಎರಡು ಒತ್ತು. ಪುಸ್ತಕದಲ್ಲಿ ಬಳಸುವ 12 ಪಾಯಿಂಟ್ ಅಕ್ಷರವೆಂದರೆ ಅಂಗುಲದ ಆರನೇ ಒಂದು ಭಾಗ. ಅಂಗುಲಕ್ಕೆ 96 ಚುಕ್ಕಿಯ ಪರದೆಯಲ್ಲಿ ಅದಕ್ಕೆ ಸಿಗುವುದು 16 ಚುಕ್ಕಿ. ಆ ಹದಿನಾರರಲ್ಲಿ ಗುಡಿಸು, ಅಕ್ಷರ, ಒತ್ತು ಮೂರೂ ಹಂಚಿಕೊಳ್ಳಬೇಕು. ‘ಧ’ದ ಸೀಳು ಮುಚ್ಚಿಹೋಗುತ್ತದೆ, ಒತ್ತು ಕಲೆಯಾಗುತ್ತದೆ. 141ರಲ್ಲಿ 23 ಚುಕ್ಕಿ, 220ರಲ್ಲಿ 36. ಇಂಗ್ಲಿಷ್ ಓದುವವರಿಗೆ 1080ರ ಪರದೆ ಸಾಕೆಂದು ಹೊರದೇಶದವರು ಬರೆದದ್ದನ್ನು ನಾವು ಹಾಗೆಯೇ ಒಪ್ಪಿಕೊಳ್ಳಬೇಕಾಗಿಲ್ಲ.

ನನ್ನ ಲೆಕ್ಕ ಇದು. 1366ರ ಪರದೆಯಿಂದ 1920ರ ಪರದೆಗೆ ಹೋಗಲು ಕೊಡುವ ಹಣ ಕನ್ನಡ ಓದುವವರಿಗೆ ಖಂಡಿತ ಸಾರ್ಥಕ. 14 ಅಂಗುಲದಲ್ಲಿ 2560 ಅಡ್ಡ, 1600 ಉದ್ದದ ಪರದೆ ಅಂಗುಲಕ್ಕೆ 216 ಚುಕ್ಕಿ ಕೊಡುತ್ತದೆ. ದಿನವಿಡೀ ಓದುವ, ಬರೆಯುವ, ಕರಡು ತಿದ್ದುವ ಕೆಲಸವಿದ್ದು ಕೈಯಲ್ಲಿ ಹಣವಿದ್ದರೆ ಅದೂ ಒಳ್ಳೆಯದೇ. 4ಕೆ ಪರದೆಯನ್ನು ಛಾಯಾಚಿತ್ರ, ಚಲನಚಿತ್ರಗಳ ಸಂಕಲನ ಮಾಡುವವರಿಗೆ ಬಿಟ್ಟು, ಆ ಹಣದಲ್ಲಿ ಹೆಚ್ಚಿನ ಸ್ಮರಣಶಕ್ತಿ ಕೊಳ್ಳುವುದು ಮೇಲು. ತಯಾರಕರೂ ಇದನ್ನು ಅರಿತಂತಿದೆ. 2015ರಲ್ಲಿ ಸೋನಿ ಕಂಪನಿ 4ಕೆ ಪರದೆಯ ಮೊಬೈಲೊಂದನ್ನು ತಂದಾಗ ಚಿತ್ರ, ವಿಡಿಯೋಗಳಿಗೆ ಮಾತ್ರ ಪೂರ್ತಿ ಚುಕ್ಕಿಗಳನ್ನು ಬಳಸಿ ಉಳಿದ ಕೆಲಸಗಳನ್ನು 1080ರಲ್ಲೇ ನಡೆಸಿತು. ಆಪಲ್‌ನ 2012ರ ಲ್ಯಾಪ್‌ಟಾಪ್‌ನಲ್ಲಿ ಅಂಗುಲಕ್ಕೆ 220 ಇದ್ದದ್ದು 2021ರ 14 ಅಂಗುಲದ ಮಾದರಿಯಲ್ಲಿ 254 ಆಯಿತು. ಒಂಬತ್ತು ವರ್ಷಗಳಲ್ಲಿ ಏರಿದ್ದು ಅಷ್ಟೇ.