ಗಣಿಯ ಸೀಮೆಯ ದ್ರಾಕ್ಷಾರಸ

ಇಟಲಿ ದೇಶದ ಗ್ರಾಮಸೀಮೆಗಳಲ್ಲಿ, ವಿಶೇಷವಾಗಿ ಟಸ್ಕನಿ ಮತ್ತು ಪೀಡ್ಮಾಂಟ್ ಪ್ರಾಂತಗಳ ಇಳಿಜಾರು ಗುಡ್ಡಗಳ ನಡುವೆ, ಪ್ರವಾಸಿಗಳು ಬೆಳಿಗ್ಗೆ ಹೊರಟು, ಸಂಜೆಯೊಳಗೆ ಎರಡು ಮೂರು ದ್ರಾಕ್ಷಿತೋಟಗಳನ್ನು ಕಂಡು, ತೋಟದೊಡೆಯನು ತನ್ನ ನೆಲಮಾಳಿಗೆಯ ಪೀಪಾಯಿಗಳಿಂದ ತೆಗೆದುಕೊಟ್ಟ ರಸವನ್ನು ಗುಟುಕು ಗುಟುಕಾಗಿ ರುಚಿ ನೋಡಿ ಹಿಂದಿರುಗುವ ಪದ್ಧತಿಯೊಂದು ಇಂದು ಲೋಕಪ್ರಸಿದ್ಧವಾಗಿದೆ. ಆ ಪ್ರಸಿದ್ಧಿಯ ಹಿಂದೆ ನಿಂತಿರುವುದು ಕೇವಲ ರುಚಿಯಲ್ಲ, ಬರವಣಿಗೆಯ ಬಲವೂ ಹೌದು. 1716ರಲ್ಲಿ ಟಸ್ಕನಿಯನ್ನು ಆಳುತ್ತಿದ್ದ ಮೆದಿಚಿ ವಂಶದ ಮೂರನೆಯ ಕೋಸಿಮೊ, ಕಿಯಾಂಟಿಯೂ ಸೇರಿದಂತೆ ನಾಲ್ಕು ಸೀಮೆಗಳ ಎಲ್ಲೆಗಳನ್ನು ಗೊತ್ತುಪಡಿಸಿ, ಆ ಎಲ್ಲೆಯೊಳಗೆ ಹುಟ್ಟಿದ ದ್ರಾಕ್ಷಾರಸಕ್ಕೆ ಮಾತ್ರ ಆ ಸೀಮೆಯ ಹೆಸರು ಸಲ್ಲತಕ್ಕದ್ದೆಂದು ಶಾಸನ ಹೊರಡಿಸಿದನು. ಅಂದಿನಿಂದ ಇಂದಿನವರೆಗೆ ಅಲ್ಲಿಯ ಬಳ್ಳಿಗೂ ಮಣ್ಣಿಗೂ ಮನೆತನಕ್ಕೂ ಲಿಖಿತವಾದ ಚರಿತ್ರೆ ಬೆಳೆದುಬಂದಿದೆ. ಆದರೆ ನಮ್ಮ ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿಯೂ ದ್ರಾಕ್ಷಾರಸದ ಸಂಪ್ರದಾಯವೊಂದು ತಲೆಮಾರುಗಳ ಕಾಲ ನಡೆದುಬಂದಿತು ಎಂಬ ಸಂಗತಿ ಕನ್ನಡಿಗರಲ್ಲಿಯೇ ಅನೇಕರಿಗೆ ತಿಳಿಯದು. ಅದನ್ನು ಬರೆದಿಟ್ಟವರು ವಿರಳವಾದುದರಿಂದ, ಅದು ಚರಿತ್ರೆಯೆಂಬ ಮನ್ನಣೆಯನ್ನೇ ಪಡೆಯದೆ ಉಳಿಯಿತು.

ಈ ಸಂಪ್ರದಾಯದ ಹುಟ್ಟನ್ನು ತಿಳಿಯಬೇಕಾದರೆ ಗಣಿಯೂರಿನ ಹುಟ್ಟನ್ನು ತಿಳಿಯಬೇಕು. 1802ರಲ್ಲಿ ವಾರನ್ ಎಂಬ ಸೇನಾಧಿಕಾರಿಯು ಈ ಭಾಗದ ಗ್ರಾಮಸ್ಥರು ಮಣ್ಣು ತೊಳೆದು ಹೊನ್ನು ತೆಗೆಯುತ್ತಿದ್ದುದನ್ನು ಕಂಡು ಬರೆದುದೂ, 1870ರ ದಶಕದ ಆರಂಭದಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರ್ಕಾರದಿಂದ ಗಣಿಯ ಪರವಾನಗಿ ಪಡೆದುದೂ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯು ಕಾಲಿಟ್ಟುದೂ ಎಲ್ಲರೂ ಬಲ್ಲ ಕಥೆ. ಮುಂದಿನ ಕೆಲವೇ ವರ್ಷಗಳಲ್ಲಿ ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳ ಸುತ್ತ, ಹುರುಳಿ ರಾಗಿ ಬೆಳೆಯುತ್ತಿದ್ದ ಬಯಲಿನ ಮೇಲೆ, ನಗರವೊಂದು ಎದ್ದುನಿಂತಿತು. ಮೈಸೂರಿನ ಚೀಫ್ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರನ್ನು ಅಂದು ಹೊತ್ತು ಬೌರಿಂಗ್‌ಪೇಟೆಯೆನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ 1894ರಲ್ಲಿ ಗಣಿಗೆ ರೈಲಿನ ಕವಲುದಾರಿ ತೆರೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಬಂದಿತು. ಮದರಾಸಿನ ಬಂದರಿನಿಂದ ಬಂದ ಯಂತ್ರಗಳೂ, ಉಕ್ಕಿನ ಹಗ್ಗಗಳೂ, ಅವುಗಳ ಜೊತೆಯಲ್ಲಿಯೇ ಪರದೇಶದ ಮದ್ಯದ ಪೆಟ್ಟಿಗೆಗಳೂ ಬೌರಿಂಗ್‌ಪೇಟೆಯ ನಿಲ್ದಾಣವನ್ನು ಹಾದು ಗಣಿಯನ್ನು ಸೇರುತ್ತಿದ್ದವು.

ಈ ಊರಿನಲ್ಲಿ ಕುಡಿಯುವ ಪದಾರ್ಥವೂ ಅಂತಸ್ತನ್ನು ಸಾರುತ್ತಿತ್ತು. ಬಂಗಲೆಗಳಲ್ಲಿದ್ದ ಆಂಗ್ಲ ಅಧಿಕಾರಿಗಳಿಗೆ ಕ್ಲಬ್ಬು, ಅಲ್ಲಿ ವಿಸ್ಕಿ ಮತ್ತು ಪೋರ್ಟ್. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಬಂದ ನುರಿತ ಗಣಿಗಾರರಲ್ಲಿ ಮೆಥಡಿಸ್ಟ್ ಪಂಥದವರು ಬಹಳ. ಆ ಪಂಥದಲ್ಲಿ ಮದ್ಯವನ್ನು ಮುಟ್ಟದಿರುವುದೇ ಶೀಲ. ನೆಲದಡಿಯ ಕೆಲಸಕ್ಕೆಂದು ಬಂದ ಇಟಲಿಯ ಗಣಿಗಾರರೂ ಇಲ್ಲಿ ಇದ್ದರು. ತಮ್ಮ ಊರುಗಳಲ್ಲಿ ಊಟದ ಜೊತೆ ದ್ರಾಕ್ಷಾರಸವಿಲ್ಲದ ದಿನವನ್ನೇ ಅರಿಯದವರು ಅವರು. ಇವರೆಲ್ಲರ ಕೆಳಗೆ, ಸಂಖ್ಯೆಯಲ್ಲಿ ಇವರೆಲ್ಲರಿಗಿಂತ ಬಹುಪಟ್ಟು ಹೆಚ್ಚಾಗಿ, ಉತ್ತರ ಆರ್ಕಾಟು, ಚಿತ್ತೂರು ಮೊದಲಾದ ಕಡೆಗಳಿಂದ ಬಂದ ತಮಿಳು ತೆಲುಗು ಕಾರ್ಮಿಕರು ಸಾಲುಮನೆಗಳ ಲೈನುಗಳಲ್ಲಿ ವಾಸವಾಗಿದ್ದರು. ನೆಲದಿಂದ ಮೈಲಿಗಟ್ಟಲೆ ಆಳದಲ್ಲಿ ಬಂಡೆಯೇ 60 ಡಿಗ್ರಿಗೂ ಮೀರಿ ಕಾಯ್ದಿರುವ ಕತ್ತಲೆಯಲ್ಲಿ ಪಾಳಿ ಮುಗಿಸಿ, ಮೈಯ ನೀರೆಲ್ಲ ಬೆವರಾಗಿ ಹರಿದುಹೋದ ಮೇಲೆ ಮೇಲಕ್ಕೆ ಬರುತ್ತಿದ್ದ ಆ ಮನುಷ್ಯನಿಗೆ ಊರು ಒದಗಿಸಿಕೊಟ್ಟ ವಿಶ್ರಾಂತಿಯೆಂದರೆ ಈಚಲ ಹೆಂಡ ಮತ್ತು ಸಾರಾಯಿ. ಅವೆರಡೂ ಗುತ್ತಿಗೆದಾರನ ಅಂಗಡಿಯಲ್ಲಿ ದೊರೆಯುವ ಪದಾರ್ಥಗಳು. ಅವುಗಳ ಮೇಲೆ ಬರುತ್ತಿದ್ದ ಅಬಕಾರಿ ಹಣವು ಮೈಸೂರು ಸಂಸ್ಥಾನದ ಬೊಕ್ಕಸದ ಮುಖ್ಯ ಆಧಾರಗಳಲ್ಲೊಂದು. ಕೂಲಿಯ ಹಣದಲ್ಲಿ ಎಷ್ಟು ಭಾಗ ಹೀಗೆ ಹಿಂದಕ್ಕೆ ಹರಿದುಹೋಯಿತೆಂಬುದನ್ನು ನೆನೆದರೆ ಮನಸ್ಸು ನೋಯುತ್ತದೆ. ಆ ನೋವನ್ನು ಅಂದೇ ಕಂಡವರೂ ಇದ್ದರು. ತಮಿಳು ಬೌದ್ಧ ಚಿಂತಕ ಪಂಡಿತ ಅಯೋತಿದಾಸರ ಪ್ರೇರಣೆಯಿಂದ 20ನೆಯ ಶತಮಾನದ ಆದಿಯಲ್ಲಿ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ಗಳಲ್ಲಿ ಬೇರೂರಿದ ಬೌದ್ಧ ಸಂಘದವರು, ಪಂಚಶೀಲಗಳಲ್ಲೊಂದಾದ ಮದ್ಯವರ್ಜನೆಯನ್ನು ಕಾರ್ಮಿಕರ ಮಾನದ ಪ್ರಶ್ನೆಯಾಗಿ ಎತ್ತಿಹಿಡಿದರು. ಈ ಊರಿನ ಪಾನದ ಚರಿತ್ರೆಯನ್ನು ಬರೆಯುವವರು ಆ ಮಹನೀಯರನ್ನು ಮರೆತರೆ ಅದು ಅರ್ಧ ಚರಿತ್ರೆ.

ಈ ಅಂತಸ್ತುಗಳ ನಡುವೆ, ಬಂಗಲೆಗೂ ಲೈನಿಗೂ ಮಧ್ಯದಲ್ಲಿ, ಆಂಗ್ಲೋ ಇಂಡಿಯನ್ ಮನೆಗಳಿದ್ದವು. ಗಣಿಯ ಕಾರ್ಯಾಗಾರಗಳಲ್ಲಿ, ಯಂತ್ರಶಾಲೆಗಳಲ್ಲಿ, ಆಸ್ಪತ್ರೆಯಲ್ಲಿ, ಶಾಲೆಗಳಲ್ಲಿ ದುಡಿಯುತ್ತಿದ್ದ ಈ ಕುಟುಂಬಗಳಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ಮನೆಯಲ್ಲಿಯೇ ದ್ರಾಕ್ಷಾರಸ ಮಾಡುವ ವಾಡಿಕೆ ಬೆಳೆಯಿತು. ಅದರ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ಚರಿತ್ರೆಯ ಸತ್ತ್ವವೆಲ್ಲ ಇರುವುದು ಆ ಕ್ರಮದಲ್ಲಿ. ಅಕ್ಟೋಬರ್ ಕಳೆದು ನವೆಂಬರ್ ಹುಟ್ಟುವ ಹೊತ್ತಿಗೆ ಮಾರುಕಟ್ಟೆಯಿಂದ ಕಪ್ಪುನೀಲಿ ದ್ರಾಕ್ಷಿಯನ್ನು ತಂದು, ತೊಟ್ಟು ಬಿಡಿಸಿ, ತೊಳೆದು, ನೀರಿನ ಪಸೆಯೂ ಉಳಿಯದಂತೆ ಬಟ್ಟೆಯ ಮೇಲೆ ಆರಹಾಕುವರು. ಒಣಗಿದ ಹಣ್ಣನ್ನು ಬೀಜ ಒಡೆಯದಂತೆ ಕೈಯಿಂದಲೇ ಹಿಸುಕಿ, ಸಕ್ಕರೆಯನ್ನೂ ಕಾಯಿಸಿ ಆರಿಸಿದ ನೀರನ್ನೂ ಬೆರೆಸಿ, ಹುದುಗುವುದಕ್ಕೆ ಒಂದಿಷ್ಟು ಯೀಸ್ಟನ್ನೂ ಒಂದು ಹಿಡಿ ಗೋಧಿಯನ್ನೂ ಸೇರಿಸಿ, ಕೆಲವು ಮನೆಗಳಲ್ಲಿ ಚಕ್ಕೆ ಲವಂಗಗಳನ್ನೂ ಹಾಕಿ, ಪಿಂಗಾಣಿಯ ದೊಡ್ಡ ಜಾಡಿಗೆ ತುಂಬಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಬೆಳಕು ಬೀಳದ ಮೂಲೆಯಲ್ಲಿ ಇರಿಸುವರು. ಆಮೇಲಿನ ಮೂರು ವಾರ ಮನೆಯೊಡತಿಯ ಗಮನವೆಲ್ಲ ಆ ಜಾಡಿಯ ಮೇಲೆಯೇ. ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕಬೇಕು. ಲೋಹದ ಸೌಟು ಕೂಡದು. ಒದ್ದೆಯ ಸೌಟು ಸರ್ವಥಾ ಕೂಡದು. ಸಿಪ್ಪೆಯೆಲ್ಲ ಮೇಲಕ್ಕೆ ಬಂದು ನೊರೆಗಟ್ಟಿ, ಆಮೇಲೆ ನೊರೆ ಅಡಗಿ, ಒಳಗಿನ ಸಣ್ಣ ಮೊರೆತ ನಿಂತ ಮೇಲೆ, ರಸವನ್ನು ಬಟ್ಟೆಯಲ್ಲಿ ಸೋಸಿ, ಮಡ್ಡಿ ತಳಕ್ಕಿಳಿಯಲೆಂದು ಬಿಟ್ಟು, ಬಣ್ಣ ಸಾಲದೆ ಹೋದರೆ ಕಂದುಬಣ್ಣಕ್ಕೆ ಕಾಯಿಸಿದ ಸಕ್ಕರೆಯ ಪಾಕವನ್ನು ಸ್ವಲ್ಪ ಬೆರೆಸಿ, ಸೀಸೆಗಳಿಗೆ ತುಂಬುವರು. ಮಕ್ಕಳಿಗೂ ಮದ್ಯವೊಲ್ಲದವರಿಗೂ ಶುಂಠಿಯ ಪಾನಕ ಬೇರೆಯಾಗಿ ಸಿದ್ಧವಾಗುತ್ತಿತ್ತು. ಹೆಸರಿಗೆ ಅದೂ ವೈನೇ.

ಹಬ್ಬದ ದಿನಗಳಲ್ಲಿ ಚಾಂಪಿಯನ್ ರೀಫಿನ ವಿಜಯಮಾತೆಯ ಇಗರ್ಜಿಯಂಥ ದೇವಾಲಯಗಳಲ್ಲಿ ಪೂಜೆ ಮುಗಿದ ಮೇಲೆ, ಮನೆಯಿಂದ ಮನೆಗೆ ಹೋಗಿ ಶುಭ ಕೋರುವುದು, ಹೋದಲ್ಲೆಲ್ಲ ಕೇಕು ಮತ್ತು ಕಲ್ಕಲ್, ರೋಸ್ ಕುಕಿ ಎಂಬ ಕರಿದ ತಿಂಡಿಗಳ ಜೊತೆಯಲ್ಲಿ ಆ ಮನೆಯ ರಸವನ್ನು ಸಣ್ಣ ಗಾಜಿನ ಲೋಟದಲ್ಲಿ ಸವಿಯುವುದು ವಾಡಿಕೆ. ಒಂದು ಮನೆಯ ರಸ ಸಿಹಿಮುಂದಾಗಿ, ಇನ್ನೊಂದರದು ಒಗರುಮುಂದಾಗಿ, ಮತ್ತೊಂದರದು ಲವಂಗದ ಘಾಟು ಹೊತ್ತು ಬರುವುದು. ನೆರೆಯ ಹಿಂದೂ ಮುಸಲ್ಮಾನ ಮನೆಗಳಿಗೆ ತಿಂಡಿಯ ತಟ್ಟೆ ಮಾತ್ರ ಹೋಗುವುದು. ಟಸ್ಕನಿಯ ಪ್ರವಾಸಿಯು ಹಣ ತೆತ್ತು, ಮುಂಚಿತವಾಗಿ ಏರ್ಪಾಡು ಮಾಡಿಕೊಂಡು ಮಾಡುವ ರಸಾಸ್ವಾದನೆಯ ಯಾತ್ರೆಯು, ಇಲ್ಲಿ ಬಂಧುತ್ವದ ಹೆಸರಿನಲ್ಲಿ, ಒಂದೆರಡು ಬೀದಿಗಳ ಆಚೆಗೆ ಹೋಗದೆಯೇ ನಡೆದುಹೋಗುತ್ತಿತ್ತು. ಗಣಿಯಲ್ಲಿಯೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಅವರು ತಮ್ಮ ಸಮುದಾಯದ ಅಡುಗೆಯನ್ನೂ, ಗಣಿಯ ಬಾಳಿನ ನೆನಪುಗಳನ್ನೂ ಗ್ರಂಥಗಳಾಗಿ ಬರೆದಿಟ್ಟಿರುವುದು ನಮ್ಮ ಪುಣ್ಯ.

ಇನ್ನು ಆ ಹಣ್ಣಿನ ಮಾತು. ಕರ್ನಾಟಕದಲ್ಲಿ ದ್ರಾಕ್ಷಿ ಹೊಸದಲ್ಲ. 16ನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಅಲ್ಲಿಯ ಪೇಟೆಯಲ್ಲಿ ಹಣವೆಂಬ ಒಂದು ನಾಣ್ಯಕ್ಕೆ ಮೂರು ಗೊಂಚಲು ದ್ರಾಕ್ಷಿ ಸಿಗುತ್ತಿದ್ದುದನ್ನು ಬರೆದಿದ್ದಾನೆ. ಆದರೆ ಗಣಿಯ ಜಾಡಿಗಳನ್ನು ತುಂಬಿದ ಹಣ್ಣು ಬೇರೆ. ಅದು ಆಂಗ್ಲರ ಕಾಲದಲ್ಲಿ ಬಂದು, ನಂದಿ ಬೆಟ್ಟದ ಆಸುಪಾಸಿನಲ್ಲಿ ನೆಲೆನಿಂತ, ಬೆಂಗಳೂರು ನೀಲಿ ಎಂದು ಹೆಸರಾದ ತಳಿ. ಕಲ್ಲುಕಂಬಗಳ ಮೇಲೆ ತಂತಿ ಎಳೆದು ಹಬ್ಬಿಸಿದ ಚಪ್ಪರದಡಿ ವರ್ಷಕ್ಕೆ ಎರಡು ಬೆಳೆ ಕೊಡುವ, ದಪ್ಪ ಸಿಪ್ಪೆಯ, ಬೀಜವುಳ್ಳ, ಮೂಗಿಗೆ ದೂರದಿಂದಲೇ ತಿಳಿಯುವ ಗಂಧದ ಈ ಹಣ್ಣು, ಅಮೆರಿಕದ ಕಾಡುದ್ರಾಕ್ಷಿಗೂ ಯುರೋಪಿನ ದ್ರಾಕ್ಷಿಗೂ ಹುಟ್ಟಿದ ಮಿಶ್ರತಳಿ. ಇಸಬೆಲ್ಲಾ ಎಂಬ ಹೆಸರಿನಿಂದ 19ನೆಯ ಶತಮಾನದ ಆದಿಯಲ್ಲಿ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದ ತಳಿಯೇ ಇದೆಂದು ಅನೇಕ ತೋಟಗಾರಿಕಾ ಶಾಸ್ತ್ರಜ್ಞರು ಹೇಳುತ್ತಾರೆ. ಇಲ್ಲಿಯೇ ನಮ್ಮ ಕಥೆ ಇಟಲಿಯನ್ನು ಮತ್ತೆ ಮುಟ್ಟುವುದು. ಅದೇ ಶತಮಾನದಲ್ಲಿ ರೋಗ ಮತ್ತು ಕೀಟಗಳು ಯುರೋಪಿನ ಬಳ್ಳಿಗಳನ್ನು ನಾಶಮಾಡುತ್ತಿದ್ದಾಗ, ಗಟ್ಟಿಮುಟ್ಟಾದ ಅಮೆರಿಕದ ತಳಿಗಳೂ ಮಿಶ್ರತಳಿಗಳೂ ಅಲ್ಲಿಗೆ ಹೋದವು. ಇಸಬೆಲ್ಲಾ ಇಟಲಿಯ ಉತ್ತರದ ಹಳ್ಳಿಗಳಲ್ಲಿ ಊವಾ ಫ್ರಾಗೊಲಾ ಎಂಬ ಹೆಸರಿನಿಂದ ಮನೆಯಂಗಳದ ಬಳ್ಳಿಯಾಯಿತು. ಆ ಹಣ್ಣಿನ ದ್ರಾಕ್ಷಾರಸವನ್ನು ಮಾರುವುದಕ್ಕೆ ಅಲ್ಲಿಯ ಕಾನೂನು ಅವಕಾಶ ಕೊಡುವುದಿಲ್ಲ. ಆದರೂ ವೆನೆಟೊ, ಫ್ರಿಯೂಲಿ ಪ್ರಾಂತಗಳ ರೈತರು ತಮ್ಮ ಮನೆಮಟ್ಟಿಗೆ ಅದನ್ನು ಮಾಡಿಕೊಳ್ಳುವುದನ್ನು ಬಿಟ್ಟಿಲ್ಲ. ಕೋಲಾರದ ಗಣಿಯ ಗೃಹಿಣಿಯೂ ವೆನೆಟೊದ ರೈತ ಹೆಂಗಸೂ ಒಬ್ಬರನ್ನೊಬ್ಬರು ಅರಿಯದೆ, ಒಂದೇ ಕುಲದ ಹಣ್ಣನ್ನು, ಮಾರಾಟಕ್ಕಲ್ಲದೆ ಮನೆಯ ಹಬ್ಬಕ್ಕೆಂದು ಹಿಸುಕಿದರು.

ಗಣಿಯ ಮನೆಗಳ ಈ ಸಂಪ್ರದಾಯವನ್ನು ನಾನು ಚರಿತ್ರೆಯೆಂದು ಕರೆಯಲು ಹಿಂಜರಿಯುವುದಿಲ್ಲ. ಗಣಿಯಿಂದ ಮೇಲೆ ಬಂದ ಚಿನ್ನ ಔನ್ಸುಗಳ ಲೆಕ್ಕದಲ್ಲಿ ಕಂಪನಿಯ ಪುಸ್ತಕ ಸೇರಿತು; ಸಾರಾಯಿಯೂ ಹೆಂಡವೂ ಗ್ಯಾಲನ್ನುಗಳ ಲೆಕ್ಕದಲ್ಲಿ ಅಬಕಾರಿ ಪುಸ್ತಕ ಸೇರಿದವು; ತೂಗದೆ, ಅಳೆಯದೆ, ತೆರಿಗೆ ಕೊಡದೆ ಅಡುಗೆಮನೆಯ ಮೂಲೆಯಲ್ಲಿ ಹುದುಗಿದ ಈ ರಸ ಯಾವ ಪುಸ್ತಕವನ್ನೂ ಸೇರಲಿಲ್ಲ. ಸರ್ಕಾರವಾಗಲಿ ಕಂಪನಿಯಾಗಲಿ ಬರೆದಿಟ್ಟುದಷ್ಟೇ ಊರಿನ ಬಾಳೆಂದು ನಂಬಿದರೆ, ಹೆಂಗಸರ ಕೈಯಲ್ಲಿ ನಡೆದುದೆಲ್ಲ ನಡೆಯದೇ ಇದ್ದಂತಾಗುವುದು.

ಸ್ವಾತಂತ್ರ್ಯ ಬಂದ ಮೇಲೆ ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಬಹಳ ಮಂದಿ ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಹೊರಟರು. 1956ರಲ್ಲಿ ಗಣಿಗಳು ಸರ್ಕಾರದ ವಶವಾದವು; 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಸ್ಥಾಪಿತವಾಯಿತು; 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದವರು ಮುಂಜಾನೆಯ ರೈಲಿನಲ್ಲಿ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗಿಬರುವವರಾದರು. ಇದರ ನಡುವೆ ದ್ರಾಕ್ಷಾರಸದ ಹೊಸದೊಂದು ಉದ್ಯಮ ನೆರೆಯಲ್ಲಿಯೇ ತಲೆಯೆತ್ತಿತ್ತು. ಕನ್ವಲ್ ಗ್ರೋವರ್ ಎಂಬುವರು ಫ್ರಾನ್ಸಿನ ಜಾರ್ಜ್ ವೆಸೆಲ್ ಎಂಬ ತಜ್ಞರ ನೆರವಿನಿಂದ, ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ 1988ರ ಸುಮಾರಿನಲ್ಲಿ ಯುರೋಪಿನ ತಳಿಗಳನ್ನು ನೆಡಿಸಿದರು. 2007ನೆಯ ವರ್ಷವಂತೂ ಈ ಸೀಮೆಯ ಮಟ್ಟಿಗೆ ವಿಶೇಷವಾದುದು. ಆ ವರ್ಷದ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು; ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಸರ್ಕಾರ ಪ್ರಕಟಿಸಿತು; ಅದೇ ವರ್ಷ ಕೋಲಾರ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಹೀಗೆ, ಗಣಿಯ ಮನೆಗಳ ಹಣ್ಣು ಬೆಳೆಯುತ್ತಿದ್ದ ನೆಲವು, ಆ ಹಣ್ಣಿನ ರಸಕ್ಕೆ ಸರ್ಕಾರದ ಪ್ರೋತ್ಸಾಹ ದೊರೆತ ವರ್ಷವೇ, ಗಣಿಯ ಜಿಲ್ಲೆಯಿಂದ ಹೊರಗಾಯಿತು. 2013ರಲ್ಲಿ ಬೆಂಗಳೂರು ನೀಲಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಬಂದಿತು. ಕೋಸಿಮೊ ಮೂರು ಶತಮಾನಗಳ ಹಿಂದೆ ತನ್ನ ಗುಡ್ಡಗಳಿಗೆ ಕೊಟ್ಟಂಥ ರಕ್ಷಣೆಯೇ ಇದು.

ಇಂದು ಬಂಗಾರಪೇಟೆಯಿಂದ ಬೆಳಿಗ್ಗೆ ಹೊರಟವನು ಕೋಲಾರವನ್ನು ಹಾದು, ಚಿಂತಾಮಣಿ ಚಿಕ್ಕಬಳ್ಳಾಪುರಗಳ ದಾರಿಯಾಗಿ ನಂದಿಯ ತಪ್ಪಲಿಗೆ ಹೋಗಿ, ದ್ರಾಕ್ಷಿತೋಟಗಳನ್ನು ನೋಡಿ, ರಸವನ್ನು ಸವಿದು, ರಾತ್ರಿಯ ಊಟಕ್ಕೆ ಮನೆ ಸೇರಬಹುದು. ಆದರೆ ಅಲ್ಲಿ ಪ್ರವಾಸಿಯ ಮುಂದೆ ಮೊದಲು ಬರುವ ಬಟ್ಟಲು ಕ್ಯಾಬರ್ನೆ, ಶಿರಾಜ್ ಮೊದಲಾದ ಯುರೋಪಿನ ತಳಿಗಳದು. ಬೆಂಗಳೂರು ನೀಲಿಯ ಪಾಲಿಗೆ ಉಳಿದಿರುವುದು ಬಹುಮಟ್ಟಿಗೆ ಹಣ್ಣಿನ ಅಂಗಡಿ, ಹಣ್ಣಿನ ರಸ ಮತ್ತು ಅಗ್ಗದ ಸಿಹಿವೈನು. ನಯವಾದ ರುಚಿಯನ್ನು ಬಲ್ಲವರು ಆ ಹಣ್ಣಿನ ಒರಟು ಗಂಧವನ್ನು ಕೀಳೆಂದು ಎಣಿಸುವುದನ್ನು ನಾನು ಬಲ್ಲೆ. ಅವರ ನಾಲಿಗೆಯ ತೀರ್ಪನ್ನು ಅಲ್ಲಗಳೆಯಲಾರೆ. ಆದರೂ ಆ ತಪ್ಪಲಿನಲ್ಲಿ ರಸಾಸ್ವಾದನೆಗೆ ಕೂತವರ ಮುಂದೆ ಆ ನೀಲಿ ಹಣ್ಣಿನ, ಮನೆಯ ಕ್ರಮದಲ್ಲಿ ಮಾಡಿದ ರಸವನ್ನೇ ಮೊದಲು ಇಟ್ಟು, ಅದನ್ನು ಮಾಡಿದ ಗಣಿಯೂರಿನ ಮನೆಗಳ ಕಥೆಯನ್ನು ಹೇಳಿ, ಆಮೇಲೆ ಪರದೇಶದ ತಳಿಗಳ ಬಟ್ಟಲನ್ನು ತರಬೇಕೆಂದು ತೋಟಗಳ ಒಡೆಯರಲ್ಲಿ ನನ್ನ ಬಿನ್ನಹ.