ಮೂರು ಸೆಲ್ಲಿನ ಗಣಕ

ಚೋರನೂರಿನ ನಮ್ಮ ಮನೆಗೆ ಟ್ರಾನ್ಸಿಸ್ಟರ್ ರೇಡಿಯೋ ಬಂದ ಕಾಲದಲ್ಲಿ, ಅದರ ಸೆಲ್ಲುಗಳನ್ನು ಬಿಸಿಲಿಗೆ ಇಟ್ಟು ತೆಗೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಸತ್ತೇಹೋಯಿತೆಂದುಕೊಂಡ ಸೆಲ್ಲು ಬಿಸಿಲು ಕಾದು ಇನ್ನೊಂದು ಸಂಜೆಯ ವಾರ್ತೆ ಕೇಳಿಸುವಷ್ಟು ಚೇತರಿಸಿಕೊಳ್ಳುತ್ತಿತ್ತು. ಗಣಕದ ಚರಿತ್ರೆ ಹೇಳಹೊರಟ ಕನ್ನಡ ಮೇಷ್ಟ್ರು ಸೆಲ್ಲಿನಿಂದ ತೊಡಗುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ಈ ಕಥೆಯಲ್ಲಿ ಸೆಲ್ಲೇ ನಾಯಕ.

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ವಿಚಾರಗೋಷ್ಠಿಯೊಂದರಲ್ಲಿ, ಬಡವರಿಗೂ ಎಟುಕುವ ಗಣಕವೊಂದು ಬೇಕೆಂಬ ಮಾತು ಎದ್ದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರೂ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರೂ ಕೂಡಿ 1999ರಲ್ಲಿ ಟ್ರಸ್ಟೊಂದನ್ನು ಕಟ್ಟಿದರು. ಅವರು ರೂಪಿಸಿದ ಅಂಗೈಯಗಲದ ಯಂತ್ರವೇ ಸಿಂಪ್ಯೂಟರ್. 2001ರ ಏಪ್ರಿಲಿನಲ್ಲಿ ಅದರ ಮಾದರಿ ಜನರ ಮುಂದೆ ಬಂದಿತು. ಬೆಲೆ 9,000 ರೂಪಾಯಿಯ ಆಸುಪಾಸಿನಲ್ಲಿರಬೇಕೆಂಬುದು ಗುರಿ.

ಕರೆಂಟು ಇದ್ದರೂ ಇಲ್ಲದಂತಿರುವ ಊರಿನಲ್ಲಿ ನಡೆಯಬೇಕಾದ ಯಂತ್ರಕ್ಕೆ ಎಂಥ ಮಿದುಳು ಬೇಕು? ಅಂದಿನ ಮೇಜುಗಣಕಗಳ ಮುಖ್ಯ ಚಿಪ್ಪುಗಳು ತಾವೇ 20 ವ್ಯಾಟಿಗೂ ಮೇಲ್ಪಟ್ಟು ವಿದ್ಯುತ್ತನ್ನು ನುಂಗುತ್ತಿದ್ದವು. ಅವುಗಳ ಬಿಸಿ ಆರಿಸಲು ಫ್ಯಾನು ಬೇರೆ ಬೇಕು. ಸಿಂಪ್ಯೂಟರಿನವರು ಆರಿಸಿಕೊಂಡ ಸ್ಟ್ರಾಂಗ್‌ಆರ್ಮ್ ಚಿಪ್ಪಿಗೆ ಅರ್ಧ ವ್ಯಾಟೂ ಬೇಡ. ಪೆನ್ಸಿಲ್ ಸೆಲ್ಲಿಗಿಂತಲೂ ತೆಳ್ಳನೆಯ 3 ಸೆಲ್ಲುಗಳಿಂದ ಇಡೀ ಯಂತ್ರ ನಡೆಯಿತು. ಈ ಮಿತವ್ಯಯಕ್ಕೆ ತೆರಿಗೆಯೂ ಇತ್ತು: ದಶಮಾಂಶದ ಲೆಕ್ಕಕ್ಕೆ ಆ ಚಿಪ್ಪಿನಲ್ಲಿ ಪ್ರತ್ಯೇಕ ಅಂಗವಿಲ್ಲದೆ, ಆ ದುಡಿಮೆಯನ್ನು ತಂತ್ರಾಂಶವೇ ನಿಧಾನವಾಗಿ ಮಾಡಬೇಕಾಗಿತ್ತು.

ಆರ್ಮ್ ವಂಶದ ಮೂಲಪುರುಷ ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ, ಏಕಾರ್ನ್ ಎಂಬ ಸಣ್ಣ ಕಂಪನಿಯಲ್ಲಿ. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅದರ ಶಿಲ್ಪಿಗಳು. ಹೆಚ್ಚು ಬಿಸಿಯಾದರೆ ದುಬಾರಿ ಪಿಂಗಾಣಿಯ ಹೊದಿಕೆ ಬೇಕಾಗುತ್ತದೆ, ಅಗ್ಗದ ಪ್ಲಾಸ್ಟಿಕ್ ಸಾಲದು ಎಂಬ ಭಯದಿಂದ ಅವರು ವಿದ್ಯುತ್ತನ್ನು ಬಿಗಿಹಿಡಿದರು. 1985ರ ಏಪ್ರಿಲಿನಲ್ಲಿ ಮೊದಲ ಚಿಪ್ಪು ಬಂದಾಗ ಅಳತೆಯ ಮುಳ್ಳು ಸೊನ್ನೆಯನ್ನೇ ತೋರಿಸಿತಂತೆ. ನೋಡಿದರೆ ವಿದ್ಯುತ್ತಿನ ತಂತಿಯನ್ನೇ ಜೋಡಿಸಿರಲಿಲ್ಲ. ಸಂಕೇತಗಳು ಹರಿಯುವ ತಂತಿಗಳಿಂದ ಸೋರಿದ ಹನಿಯಲ್ಲೇ ಅದು ಓಡುತ್ತಿತ್ತು! ಬಡತನಕ್ಕೆಂದು ಹೆಣೆದ ಉಪಾಯವಲ್ಲ ಅದು, ಕಾಸು ಉಳಿಸುವ ಉಪಾಯ. ಆದರೂ ನಮ್ಮ ಹಳ್ಳಿಗೆ ಹೊಂದಿತು.

ಇನ್ನು ಕಾರ್ಯಾಚರಣೆಯ ತಂತ್ರಾಂಶ. ಪ್ರತಿ ಯಂತ್ರಕ್ಕೂ ಪರವಾನಗಿ ಶುಲ್ಕ ತೆರಬೇಕಾದದ್ದನ್ನು ಹಾಕಿದರೆ ಅಗ್ಗದ ಯಂತ್ರ ಅಗ್ಗವಾಗಿ ಉಳಿಯದು. ರಸೆಲ್ ಕಿಂಗ್ ಎಂಬ ಇಂಗ್ಲಿಷ್ ತರುಣ 1994ರಿಂದಲೇ ಮುಕ್ತ ತಂತ್ರಾಂಶವಾದ ಲಿನಕ್ಸನ್ನು ಆರ್ಮ್ ಚಿಪ್ಪಿಗೆ ಒಗ್ಗಿಸುತ್ತ ಬಂದಿದ್ದ. ಆ ನೆಲ ಹದವಾಗಿದ್ದುದರಿಂದ ಬೆಂಗಳೂರಿನವರು ಲಿನಕ್ಸನ್ನೇ ಹಿಡಿದರು; ಮುಂದೆ ಹೋಗಿ ಯಂತ್ರದ ನಕ್ಷೆಗಳನ್ನೂ ಮುಕ್ತ ಪರವಾನಗಿಯ ಕೆಳಗೆ ತಂದರು.

ಕನ್ನಡದವನಾದ ನನ್ನನ್ನು ಹಿಡಿದು ನಿಲ್ಲಿಸುವುದು ಇದಕ್ಕಿಂತ ಬೇರೆಯದು. ಅಕ್ಷರ ಬಾರದವರ ಸಲುವಾಗಿ ಆ ಯಂತ್ರ ಕನ್ನಡ, ಹಿಂದಿ, ತಮಿಳುಗಳನ್ನು ಓದಿ ಹೇಳಬೇಕಾಗಿತ್ತು. ಕೊಳ್ಳಲಾರದವರಿಗೆಂದು ಸ್ಮಾರ್ಟ್ ಕಾರ್ಡು: ಊರಿಗೆಲ್ಲ ಯಂತ್ರವೊಂದು, ಕಾರ್ಡು ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಹಳ್ಳಿಯ ಬಾವಿಗೆ ಅವರವರ ಕೊಡ ಅವರವರೇ ತರುವಂತೆ.

ಕರ್ನಾಟಕ ಸರಕಾರ ಜಮೀನಿನ ದಾಖಲೆಯ ಕೆಲಸದಲ್ಲಿ ಅದನ್ನು ಬಳಸಿತು. 2004ರ ಏಪ್ರಿಲಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿದಾ' ಪೇಟೆಗೆ ಬಂದಿತು. ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲು ಅಗ್ಗವಾಗತೊಡಗಿತ್ತು. ಬೇರೇನೂ ಬಾರದಿದ್ದರೂ ಅದಕ್ಕೆ ಮಾತನಾಡಿಸಲು ಬರುತ್ತಿತ್ತು.

ಸಿಂಪ್ಯೂಟರ್ ಸೋತಿತೆಂದು ಬರೆಯುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಚಿಪ್ಪಿನ ಆಯ್ಕೆ, ತಂತ್ರಾಂಶದ ಆಯ್ಕೆ ಎರಡೂ ಸರಿಯಾಗಿದ್ದವು. ಇಂದು ಚೋರನೂರಿನಲ್ಲಿ ಪಹಣಿ ನೋಡುವ ರೈತನ ಆಂಡ್ರಾಯ್ಡ್ ಫೋನಿನಲ್ಲಿರುವುದೂ ಆರ್ಮ್ ವಂಶದ ಚಿಪ್ಪೇ, ಲಿನಕ್ಸಿನ ತಿರುಳೇ. ಆದರೆ ಊರಿಗೊಂದು ಯಂತ್ರ ಎಂಬ ಆ ಏರ್ಪಾಡು ಅದರೊಡನೆ ಬರಲಿಲ್ಲ. ಓದಲು ಬಾರದ ನಮ್ಮ ಅತ್ತಿಗೆ ಫೋನಿಗೆ ಬಂದ ಬ್ಯಾಂಕಿನ ಸಂದೇಶವನ್ನು ಈಗಲೂ ಪಕ್ಕದ ಮನೆಯ ಹುಡುಗನ ಕೈಗೆ ಕೊಟ್ಟು, ಅವನು ಓದುವವರೆಗೆ ಬಾಗಿಲಲ್ಲಿ ನಿಂತಿರುತ್ತಾರೆ.